ಎಂಟು ಬ್ಯಾಟರಿಗಳ ಚಳಿಗಾಲ

ರಾದೋಮ್
15 ಅಕ್ಟೋಬರ್ 2012
ರಿಜಿಸ್ಟರ್ ಅಂಚೆ

ಶ್ರೀಮತಿ ಇರ್ಮಿನಾ ಕೋಝಿಕ್ ಅವರಿಗೆ,
ಉಸ್ತುವಾರಿ, ಚಳಿಗಾಲದ ಶೆಡ್, ಸೊಸ್ನೋವ್ಕಾ ದೋಣಿ ಸಂಘ

ಮಾನ್ಯರೇ,

ನನ್ನ ದೋಣಿಯ ಎಂಟು ಬ್ಯಾಟರಿಗಳನ್ನೂ ಇನ್ವರ್ಟರ್ ಪೆಟ್ಟಿಗೆಯನ್ನೂ ನೀವು ಇಳಿಸಿ ಶೆಡ್ಡಿಗೆ ಸಾಗಿಸಿದ್ದೀರೆಂದು ಸಂಘದ ಕಾರ್ಯದರ್ಶಿ ತಿಳಿಸಿದರು. ಈ ಚಳಿಗಾಲ ನಾನು ಅಲ್ಲಿಗೆ ಬರುವುದಿಲ್ಲ. ಆದ್ದರಿಂದ ಮಾಡಬೇಕಾದುದನ್ನು ಬರೆದು ಕಳಿಸುತ್ತಿದ್ದೇನೆ.

ಬ್ಯಾಟರಿಗಳನ್ನು ನೆಲದ ಮೇಲೆ ಇಡಬಾರದು, ಹಲಗೆಯ ಮೇಲಿಡಬೇಕು. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಹಾಕಕೂಡದು. ನಾಲ್ಕು ವಾರಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿ, ಮರುದಿನ ಹೈಡ್ರೋಮೀಟರ್ ಅದ್ದಿ ಇಪ್ಪತ್ನಾಲ್ಕು ಸೆಲ್ಲುಗಳ ಆಸಿಡ್ ಸಾಂದ್ರತೆಯ ಅಂಕಿಯನ್ನೂ ಬರೆದು ನನಗೆ ಕಳಿಸಬೇಕು. ನಾನು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಬ್ಯಾಟರಿ ನೋಡಿಕೊಂಡವನು. ಅಂದಾಜಿನ ಅಂಕಿ ಯಾವುದು, ಅಳೆದ ಅಂಕಿ ಯಾವುದು ಎಂದು ಕಾಗದ ನೋಡಿದರೇ ಗೊತ್ತಾಗುತ್ತದೆ.

ಈ ದೋಣಿಯನ್ನು ನನಗೆ ಮಾರಿದ ಆಲೊಯ್ಜಿ ಬೆಂದಿಕ್ ಎಂಬುವವನು ಶೆಡ್ಡಿನ ಎದುರಿಗೇ ವಾಸವಾಗಿದ್ದಾನೆ. ಐದು ವರ್ಷದ ಬ್ಯಾಟರಿಗಳನ್ನು ಎರಡು ವರ್ಷದವೆಂದು ಹೇಳಿ ನನಗೆ ಅಂಟಿಸಿದ ಮನುಷ್ಯ ಅವನು. ಅವನ ಕೈ ನನ್ನ ಸಾಮಾನಿಗೆ ತಾಗಕೂಡದು.

ದಯವಿಟ್ಟು ಫೋನ್ ಮಾಡಬೇಡಿ. ಫೋನಿನಲ್ಲಿ ಆಡಿದ ಮಾತನ್ನು ಆಮೇಲೆ ಇಲ್ಲವೆನ್ನಬಹುದು.

ಹುಬೆರ್ತ್ ರಿಮ್ಶಾ

*

ಸೊಸ್ನೋವ್ಕಾ
24 ಅಕ್ಟೋಬರ್ 2012

ರಿಮ್ಶಾ ಸಾಹೇಬರಿಗೆ,

ನಿಮ್ಮ ರಿಜಿಸ್ಟರ್ ಪತ್ರಕ್ಕೆ ಸಹಿ ಹಾಕಲು ಏಳು ಕಿಲೋಮೀಟರ್ ಸೈಕಲ್ ತುಳಿದು ಅಂಚೆ ಕಚೇರಿಗೆ ಹೋಗಿ ಬಂದೆ. ಹಲಗೆಯ ಮೇಲಿಡಿ ಎಂದು ತಿಳಿದುಕೊಳ್ಳಲು.

ಹತ್ತೊಂಬತ್ತು ಚಳಿಗಾಲ ಈ ಶೆಡ್ ನೋಡಿಕೊಂಡಿದ್ದೇನೆ. ಈಗ ಇಲ್ಲಿ ಅರವತ್ತಮೂರು ಬ್ಯಾಟರಿಗಳಿವೆ. ನಮ್ಮ ಸರೋವರದಲ್ಲಿ ಪೆಟ್ರೋಲ್ ಎಂಜಿನ್ ಓಡಿಸುವಂತಿಲ್ಲ, ಬ್ಯಾಟರಿ ಕೆಟ್ಟರೆ ವಸಂತದಲ್ಲಿ ಜನ ನನ್ನ ಬಾಗಿಲಿಗೇ ಬರುತ್ತಾರೆ. ಇಷ್ಟು ವರ್ಷದಲ್ಲಿ ಕೆಟ್ಟಿದ್ದು ಎರಡು, ಅದೂ ಬರುವಾಗಲೇ ಸತ್ತು ಬಂದಿದ್ದವು. ನಿಮ್ಮ ಇಪ್ಪತ್ನಾಲ್ಕು ಅಂಕಿ ಇನ್ನೊಂದು ಹಾಳೆಯಲ್ಲಿವೆ. ಅಳೆದದ್ದೇ.

ಆಲೊಯ್ಜಿ ಮಾವನ ವಿಷಯಕ್ಕೆ ಹೆದರಬೇಡಿ. ಆಗಸ್ಟಿನಲ್ಲಿ ನೀವು ದೋಣಿ ಕಟ್ಟುವ ದಕ್ಕೆಯ ಮೇಲೆ ಇಪ್ಪತ್ತು ಜನರೆದುರು ಅವರನ್ನು ಕಳ್ಳ ಅಂದಿರಲ್ಲ, ಆವತ್ತಿನಿಂದ ಅವರು ನೀರಿನ ಹತ್ತಿರ ಬಂದಿಲ್ಲ. ಈಗ ಬರಲೂ ಆಗುವುದಿಲ್ಲ. ಶ್ವಾಸಕೋಶ ಹಾಳಾಗಿದೆ. ಈ ತಿಂಗಳಿಂದ ಮನೆಯಲ್ಲೇ ಆಕ್ಸಿಜನ್ ಮೆಷಿನ್ ಇಟ್ಟಿದ್ದಾರೆ. ಮೂಗಿಗೆ ಸಿಕ್ಕಿಸಿದ ನಳಿಕೆ ಹನ್ನೆರಡು ಮೀಟರ್ ಉದ್ದ. ಅಡುಗೆಮನೆಯಿಂದ ಜಗುಲಿಯವರೆಗೆ ಬರುತ್ತದೆ, ಮುಂದಕ್ಕಿಲ್ಲ. ಶೆಡ್ಡು ಅಲ್ಲಿಂದ ನಲವತ್ತು ಮೀಟರ್. ನಿಮ್ಮ ಸಾಮಾನು ಕ್ಷೇಮ.

ಇರ್ಮಿನಾ ಕೋಝಿಕ್

*

ರಾದೋಮ್
20 ನವೆಂಬರ್ 2012

ಶ್ರೀಮತಿ ಕೋಝಿಕ್ ಅವರಿಗೆ,

ನವೆಂಬರ್ ಅಂಕಿಗಳು ತಲುಪಿದವು. ಐದನೆಯ ಬ್ಯಾಟರಿಯ ಮೂರನೆಯ ಸೆಲ್ 1225 ಎಂದಿದೆ, ಉಳಿದವೆಲ್ಲ 1260ರ ಮೇಲಿವೆ. ನೀವು ಆ ಸೆಲ್ಲಿಗೆ ನೀರು ಹೆಚ್ಚು ಹಾಕಿದ್ದೀರಿ, ಅಥವಾ ಸರಿಯಾಗಿ ಓದಿಲ್ಲ. ಆ ಬ್ಯಾಟರಿಯನ್ನು ಪ್ರತ್ಯೇಕವಾಗಿ ಆರು ತಾಸು ನಿಧಾನ ಚಾರ್ಜಿಗೆ ಹಾಕಿ, ಮತ್ತೆ ಅಳೆದು ತಿಳಿಸಿ.

ಹಿಂದಿನ ಪತ್ರದ ಉಳಿದ ವಿಷಯಗಳು ನನಗೆ ಸಂಬಂಧಿಸಿದವಲ್ಲ. ಒಬ್ಬ ಮನುಷ್ಯನಿಗೆ ಕಾಯಿಲೆ ಬಂದ ಮಾತ್ರಕ್ಕೆ ಅವನು ಹೇಳಿದ ಸುಳ್ಳು ನಿಜವಾಗುವುದಿಲ್ಲ.

ಹು. ರಿಮ್ಶಾ

*

ಸೊಸ್ನೋವ್ಕಾ
4 ಡಿಸೆಂಬರ್ 2012

ರಿಮ್ಶಾ ಸಾಹೇಬರಿಗೆ,

ಆರು ತಾಸು ಹಾಕಿದೆ. 1250ಕ್ಕೆ ಬಂದಿದೆ. ಆ ಸೆಲ್ ಹುಟ್ಟಿದಾಗಿನಿಂದಲೂ ಸೋಮಾರಿ ಎಂದು ಆಲೊಯ್ಜಿ ಮಾವ ಜಗುಲಿಯಿಂದಲೇ ಕೂಗಿ ಹೇಳಿದರು. ಕೈ ತಾಗಿಸಲಿಲ್ಲ, ಬಾಯಿ ಮಾತ್ರ.

ನೀವು ಕಳ್ಳ ಅಂದ ಮನುಷ್ಯ ಆ ಬ್ಯಾಟರಿಗಳನ್ನು ಹೇಗೆ ಸಾಕಿದ್ದರು ಗೊತ್ತೇ? ಐದು ವರ್ಷದವು ಎಂದು ನಿಮ್ಮಂಥ ಮೂವತ್ತೊಂದು ವರ್ಷದ ಅನುಭವಿಗೂ ತಳದ ತಾರೀಖಿನ ಮುದ್ರೆ ನೋಡುವ ತನಕ ಗೊತ್ತಾಗಲಿಲ್ಲ. ಸುಳ್ಳು ಹೇಳಿದ್ದು ತಪ್ಪು. ಅದನ್ನು ಅವರ ಮುಖಕ್ಕೇ ಹೇಳಿದ್ದೇನೆ. ಆದರೆ ಇಪ್ಪತ್ತು ಜನರನ್ನು ಸೇರಿಸಿ ಹೇಳಲಿಲ್ಲ.

ಇನ್ನೊಂದು. ನಿಮ್ಮ ಅಕ್ಷರ ಪತ್ರದಿಂದ ಪತ್ರಕ್ಕೆ ದೊಡ್ಡದಾಗುತ್ತಿದೆ. ಒಂದು ಸಾಲಿಗೆ ನಾಲ್ಕೇ ಪದ. ಕೂಗಿ ಹೇಳಿದಂತೆ ಬರೆಯುವ ಅಗತ್ಯವಿಲ್ಲ, ನಾನು ಕಿವುಡಿಯೂ ಅಲ್ಲ, ದಡ್ಡಿಯೂ ಅಲ್ಲ.

ಇರ್ಮಿನಾ ಕೋಝಿಕ್

*

ರಾದೋಮ್
28 ಜನವರಿ 2013
ರಿಜಿಸ್ಟರ್ ಅಂಚೆ

ಶ್ರೀಮತಿ ಕೋಝಿಕ್ ಅವರಿಗೆ,

ಡಿಸೆಂಬರ್ ಅಂಕಿಗಳು ಹದಿನೆಂಟಕ್ಕೆ ಬಂದವು. ಜನವರಿಯವು ಇನ್ನೂ ಬಂದಿಲ್ಲ. ಹಿಮ ಬಿದ್ದು ರಸ್ತೆ ಮುಚ್ಚಿತ್ತೆಂದು ಪತ್ರಿಕೆಯಲ್ಲಿತ್ತು. ಆದರೆ ರಸ್ತೆ ತೆರೆದು ಹತ್ತು ದಿನವಾಯಿತು. ವಿಳಂಬಕ್ಕೆ ಕಾರಣ ತಿಳಿಸಿ.

ಹು. ರಿಮ್ಶಾ

*

ಸೊಸ್ನೋವ್ಕಾ
5 ಫೆಬ್ರವರಿ 2013

ರಿಮ್ಶಾ ಸಾಹೇಬರಿಗೆ,

ನಿಮ್ಮ ಎಂಟು ಬ್ಯಾಟರಿಗಳಲ್ಲಿ ಆರು ಹೆಪ್ಪುಗಟ್ಟಿ ಒಡೆದಿವೆ. ಜನವರಿ ಹದಿಮೂರರಂದು ಹೋದ ಕರೆಂಟು ಮರುದಿನ ಬಂತು. ಹೊರಗೆ ಮೈನಸ್ ಇಪ್ಪತ್ತೆರಡು ಇತ್ತು. ಎರಡು ಉಳಿದಿವೆ, ಅವನ್ನು ಚಾರ್ಜಿಗೆ ಹಾಕಿದ್ದೇನೆ. ತಪ್ಪು ನನ್ನದು.

ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಇರ್ಮಿನಾ ಕೋಝಿಕ್

*

ರಾದೋಮ್
12 ಫೆಬ್ರವರಿ 2013
ರಿಜಿಸ್ಟರ್ ಅಂಚೆ. ಪ್ರತಿ: ಆಡಳಿತ ಸಮಿತಿ, ಸೊಸ್ನೋವ್ಕಾ ದೋಣಿ ಸಂಘ

ಶ್ರೀಮತಿ ಕೋಝಿಕ್ ಅವರಿಗೆ,

ನೀವು ಸುಳ್ಳು ಹೇಳುತ್ತಿದ್ದೀರಿ.

ಪೂರ್ತಿ ಚಾರ್ಜ್ ಆದ ಬ್ಯಾಟರಿ ಮೈನಸ್ ಇಪ್ಪತ್ತೆರಡರಲ್ಲಿ ಹೆಪ್ಪುಗಟ್ಟುವುದಿಲ್ಲ. ಮೈನಸ್ ನಲವತ್ತರಲ್ಲೂ ಹೆಪ್ಪುಗಟ್ಟುವುದಿಲ್ಲ. ಒಳಗಿನ ಆಸಿಡ್ ಅದನ್ನು ಕಾಯುತ್ತದೆ. ಬರಿದಾದ ಬ್ಯಾಟರಿಯೊಳಗೆ ಉಳಿಯುವುದು ಹೆಚ್ಚುಕಡಿಮೆ ನೀರು. ಹೆಪ್ಪುಗಟ್ಟುವುದು ಅದು. ಡಿಸೆಂಬರ್ ಹದಿನೈದಕ್ಕೆ ನೀವೇ ಅಳೆದ ಅಂಕಿಗಳು ನನ್ನ ಮುಂದಿವೆ, ಎಲ್ಲವೂ ತುಂಬಿದ್ದವು. ಒಂದು ದಿನ ಕರೆಂಟು ಹೋದರೆ ಸುಮ್ಮನೆ ಕುಳಿತ ಬ್ಯಾಟರಿ ಬರಿದಾಗುವುದಿಲ್ಲ. ಯಾರೋ ಅದನ್ನು ಬಳಸಿ ಬರಿದು ಮಾಡಿದ್ದಾರೆ. ಮತ್ತೂ ಒಂದು: ಎಂಟೂ ಒಂದೇ ಶೆಡ್ಡಿನಲ್ಲಿದ್ದರೆ ಆರು ಮಾತ್ರ ಒಡೆದದ್ದು ಹೇಗೆ? ಉಳಿದ ಐವತ್ತೈದು ಬ್ಯಾಟರಿಗಳಿಗೆ ಏನೂ ಆಗಲಿಲ್ಲವೇಕೆ?

ಕರೆಂಟಿಲ್ಲದ ದಿನ ನಿಮ್ಮ ಮನೆಯ ದೀಪಕ್ಕೂ ಟಿವಿಗೂ ನನ್ನ ಬ್ಯಾಟರಿಗಳೇ ಬೇಕಾದವು ಎಂದು ತೋರುತ್ತದೆ. ನನಗೆ ಪರಿಹಾರ ಬೇಡ. ಇಂಥವರ ಕೈಗೆ ಶೆಡ್ಡಿನ ಕೀಲಿ ಇರಬಾರದು, ಅಷ್ಟೇ. ಸಮಿತಿಗೂ ಇದನ್ನೇ ಬರೆದಿದ್ದೇನೆ.

ಹುಬೆರ್ತ್ ರಿಮ್ಶಾ

*

ಸೊಸ್ನೋವ್ಕಾ
11 ಮಾರ್ಚ್ 2013

ರಿಮ್ಶಾ ಅವರೇ,

ಮಾರ್ಚ್ ಎರಡರಂದು ಸಮಿತಿ ಸೇರಿತು. ನಿಮ್ಮ ಪತ್ರವನ್ನು ಅಧ್ಯಕ್ಷರು ಎದ್ದು ನಿಂತು ಓದಿದರು. ಬರಿದಾದ ಬ್ಯಾಟರಿಯ ಪಾಠವನ್ನೂ ಓದಿದರು. "ಏನಾದ್ರೂ ಹೇಳೋದಿದ್ಯಾ, ಇರ್ಮಿನಾ?" ಎಂದು ಕೇಳಿದರು. ಇಲ್ಲ ಅಂದೆ. ಕೀಲಿ ಮೇಜಿನ ಮೇಲಿಟ್ಟು ಬಂದೆ. ಏಪ್ರಿಲ್ ಒಂದರಿಂದ ಸುವಾವ್ಕಿಯ ಒಬ್ಬ ಮೆಕ್ಯಾನಿಕ್ ಶೆಡ್ ನೋಡಿಕೊಳ್ಳುತ್ತಾನೆ.

ನಾನು ಬಾಯಿ ಬಿಡದಿದ್ದದ್ದು ಮಾತು ಕೊಟ್ಟಿದ್ದಕ್ಕೆ. ನಿನ್ನೆ ಆಲೊಯ್ಜಿ ಮಾವ ಆ ಮಾತನ್ನು ಬಿಟ್ಟುಕೊಟ್ಟರು. ಬ್ರೆಡ್ಡಿನ ವ್ಯಾನಿನವನಿಂದ ಅವರಿಗೆ ಸುದ್ದಿ ಗೊತ್ತಾಯಿತಂತೆ. ಜಗುಲಿಗೆ ಬಂದು, ನಳಿಕೆ ಬಿಗಿಯಾಗುವ ತನಕ ಎಳೆದುಕೊಂಡು ನಿಂತು, "ಲೇ ಇರ್ಮಿನಾ, ಕೆಲಸ ಹೋಯ್ತಂತೆ. ನಂಗ್ಯಾಕೆ ಹೇಳ್ಲಿಲ್ಲ? ಬರಿ ಅವನಿಗೆ. ಎಲ್ಲಾ ಬರಿ," ಅಂದರು. ಬರೆಯುತ್ತಿದ್ದೇನೆ.

ಕರೆಂಟು ಹೋದ ಆವತ್ತು, ಜನವರಿ ಹದಿಮೂರು, ಭಾನುವಾರ. ಹಿಂದಿನ ದಿನದ ಮಳೆ ತಂತಿಗಳ ಮೇಲೆ ಮಂಜುಗಡ್ಡೆಯಾಗಿ, ಬೆಳಿಗ್ಗೆ ಹತ್ತಕ್ಕೆ ಕಂಬಗಳು ಒಂದರ ಹಿಂದೊಂದು ಮುರಿದವು. ನಾನು ಅವರ ಮನೆಗೆ ಓಡಿದಾಗ ಮಾವ ಮಂಚದ ಅಂಚಿನಲ್ಲಿ ಕುಳಿತಿದ್ದರು. ಪಕ್ಕದ ಸಿಲಿಂಡರಿನಲ್ಲಿ ಎರಡು ತಾಸಿನ ಗಾಳಿ ಇತ್ತು. ಫೋನು ಸತ್ತಿತ್ತು. ಆಂಬುಲೆನ್ಸ್ ಕರೆಯಲೆಂದು ಪಕ್ಕದ ಮನೆಯವನು ಟ್ರ್ಯಾಕ್ಟರ್ ಹತ್ತಿ ಹೊರಟ. ಕಾಡಿನ ತಿರುವಿನಲ್ಲಿ ಮೂರು ಮರ ಬಿದ್ದಿದ್ದವು, ಹಿಂದಿರುಗಿದ.

"ಮಾವ, ಶೆಡ್ಡಲ್ಲಿ ನಿಮ್ಮ ಹಳೇ ಬ್ಯಾಟರಿ ಇವೆ, ಇನ್ವರ್ಟರ್ ಇದೆ. ತರ್ತೀನಿ," ಅಂದೆ.

"ಅವು ನನ್ನವಲ್ಲ ಈಗ. ಆ ರೈಲ್ವೆಯವನವು."

"ಯಾರವಾದ್ರೇನು, ಕರೆಂಟು ಒಂದೇ."

"ಬೇಡ ಕಣೇ. ಬೇರೆ ಯಾರದ್ದಾದ್ರೂ ತಾ."

ಬೇರೆಯವರವು ಸಣ್ಣವು, ಇಡೀ ದಿನ ಮೆಷಿನ್ ಎಳೆಯುವ ತಾಕತ್ತು ಅವಕ್ಕಿಲ್ಲ. ಅದು ಅವರಿಗೂ ಗೊತ್ತು. ಸಿಲಿಂಡರಿನ ಮುಳ್ಳು ನೋಡಿದರು. ಆಮೇಲೆ ಹೋಗು ಎಂದು ಕೈ ಬೀಸಿದರು.

ಒಂದೊಂದು ಮೂವತ್ತು ಕಿಲೋ. ಸೌದೆ ಎಳೆಯುವ ಜಾರುಬಂಡಿಯಲ್ಲಿ ನಾಲ್ಕು ಸಲ ಎಳೆದೆ. ಮಾವ ಕುಳಿತಲ್ಲಿಂದಲೇ ಬೈದು ಬೈದು ವೈರು ಹಾಕಿಸಿದರು. "ಕೆಂಪು ಅಲ್ಲಿಗೆ, ಕುರುಡೀ! ಎರಡೆರಡು ಸೇರಿಸು. ಬಿಗಿ ಮಾಡು, ಇನ್ನೂ ಬಿಗಿ!" ಮೊದಲ ಜೋಡಿ ಆರು ತಾಸು ಬಂತು. ಇನ್ವರ್ಟರ್ ಕೂಗಿದ ಕೂಡಲೇ ಅದನ್ನು ಬಿಚ್ಚಿ ಎರಡನೆಯ ಜೋಡಿ ಹಾಕಿದೆ. ಹಾಕುವಷ್ಟು ಹೊತ್ತು ಮೆಷಿನ್ ನಿಂತಿರುತ್ತದೆ. ಆ ಒಂದೊಂದು ನಿಮಿಷ ಅವರ ಮುಖ ನೋಡಲಾಗಲಿಲ್ಲ, ಟರ್ಮಿನಲ್ ಮಾತ್ರ ನೋಡುತ್ತಿದ್ದೆ. ಸಣ್ಣ ಅಡುಗೆಮನೆ, ಕಾಲಿಡಲು ಜಾಗವಿಲ್ಲ. ಬರಿದಾದವನ್ನು ಒಂದೊಂದಾಗಿ ಜಗುಲಿಗೆ ತಳ್ಳಿದೆ. ಅಲ್ಲೇ ಅವು ಹೆಪ್ಪುಗಟ್ಟಿದವು. ಬರಿದಾದ ಬ್ಯಾಟರಿಗೆ ಏನಾಗುತ್ತದೆಂದು ನನಗೂ ಗೊತ್ತು, ರಿಮ್ಶಾ ಅವರೇ. ಆ ಹೊತ್ತಿಗೆ ನೆನಪಾಗಲಿಲ್ಲ.

ಸೋಮವಾರ ಮಧ್ಯಾಹ್ನ ಹನ್ನೆರಡು ದಾಟಿತ್ತು. ಕೊನೆಯ ಜೋಡಿಯ ಇನ್ವರ್ಟರ್ ಕೂಗಲು ಶುರುಮಾಡಿ ಹತ್ತು ನಿಮಿಷವಾಗಿತ್ತು. ಮುಂದೆ ಹಾಕಲು ಏನೂ ಇರಲಿಲ್ಲ. ಆಗ ಫ್ರಿಜ್ಜು ಗುಂಯ್ ಅಂದಿತು. ಕರೆಂಟು ಬಂತು.

ಸಂಜೆ ಮಾವ ಅಂದರು: "ಆ ರೈಲ್ವೆಯವನ ಬ್ಯಾಟರಿಯಿಂದ ಉಸಿರಾಡಿದೆ ಅಂತ ಊರಿಗೆ ಗೊತ್ತಾದ್ರೆ ಈ ನಳಿಕೆ ನಾನೇ ಕಿತ್ತಾಕ್ತೀನಿ. ಹೇಳಲ್ಲ ಅಂತ ಮಾತು ಕೊಡು." ಕೊಟ್ಟೆ.

ಫೋನು ಇದ್ದಿದ್ದರೂ ನಿಮ್ಮನ್ನು ಕೇಳುತ್ತಿರಲಿಲ್ಲ. ಅಲ್ಲಿ ಟಿವಿ ಇರಲಿಲ್ಲ.

ಇರ್ಮಿನಾ ಕೋಝಿಕ್

*

ರಾದೋಮ್
27 ಮಾರ್ಚ್ 2013

ಶ್ರೀಮತಿ ಕೋಝಿಕ್ ಅವರಿಗೆ,

ನಿಮ್ಮ ಪತ್ರವನ್ನು ಓದಿ ಮುಗಿಸಲು ನನಗೆ ಮೂರು ದಿನ ಹಿಡಿಯಿತು. ಎರಡು ವರ್ಷದಿಂದ ಕಣ್ಣಿನ ಮಧ್ಯಭಾಗ ಮಸುಕಾಗುತ್ತ ಬಂದಿದೆ, ಅಂಚುಗಳಲ್ಲಿ ಮಾತ್ರ ಕಾಣುತ್ತದೆ. ಭೂತಗನ್ನಡಿ ಹಿಡಿದು ಒಂದೊಂದೇ ಪದ ಓದುತ್ತೇನೆ. ಅಕ್ಷರ ದೊಡ್ಡದಾಗಿದ್ದಕ್ಕೆ ಕಾರಣ ಅದು. ಹೈಡ್ರೋಮೀಟರಿನ ಗೆರೆ ನನಗೆ ಕಾಣುವುದಿಲ್ಲ. ಹಾಗಾಗಿ ನೀವು ಅಳೆದ ಅಂಕಿಗಳನ್ನು ಅಷ್ಟು ಹಟ ಹಿಡಿದು ಕೇಳಿದೆ. ಇದನ್ನು ಕರುಣೆ ಗಿಟ್ಟಿಸಲು ಬರೆಯುತ್ತಿಲ್ಲ. ನೀವು ತಪ್ಪು ತಿಳಿದಿದ್ದಿರಿ, ಸರಿಪಡಿಸುತ್ತಿದ್ದೇನೆ.

ಇನ್ನು ನಿಮ್ಮ ತಪ್ಪುಗಳು. ಜೋಡಿಗಳನ್ನು ಒಂದಾದ ಮೇಲೊಂದು ಬರಿದು ಮಾಡಬಾರದಿತ್ತು. ನಾಲ್ಕೂ ಜೋಡಿಗಳನ್ನು ಒಟ್ಟಿಗೆ ಕೂಡಿಸಿದ್ದರೆ ಪ್ರತಿಯೊಂದರ ಮೇಲೂ ಭಾರ ಕಡಿಮೆಯಾಗಿ ಇನ್ನೂ ಎರಡು ತಾಸು ಸಿಗುತ್ತಿತ್ತು. ನಡುವೆ ಮೆಷಿನ್ ನಿಲ್ಲಿಸುವ ಅಗತ್ಯವೇ ಬರುತ್ತಿರಲಿಲ್ಲ. ಮೂರು ಸಲ ನೀವು ಆ ಮನುಷ್ಯನ ಉಸಿರು ನಿಲ್ಲಿಸಿದ್ದೀರಿ, ಅನಗತ್ಯವಾಗಿ. ಚಿತ್ರ ಬರೆಸಿ ಜೊತೆಗಿಟ್ಟಿದ್ದೇನೆ.

ಸಮಿತಿಗೆ ಬರೆದ ದೂರನ್ನು ಹಿಂತೆಗೆದುಕೊಂಡು ಈ ದಿನವೇ ಪತ್ರ ಹಾಕಿದ್ದೇನೆ. ಟಿವಿಯ ಮಾತು ಬರೆಯಬಾರದಿತ್ತು.

ನೀವು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ ಎಂದು ಇಷ್ಟೂ ದಿನ ಯೋಚಿಸಿದೆ. ಖಂಡಿತ ಒಪ್ಪುತ್ತಿದ್ದೆ ಎಂದು ಬರೆಯಲು ಎರಡು ಸಲ ಪೆನ್ನು ಎತ್ತಿದೆ. ಯಾರಿಗೆ ಎಂದು ಕೇಳುತ್ತಿದ್ದೆ. ನೀವು ಹೆಸರು ಹೇಳುತ್ತಿದ್ದಿರಿ. ಆಮೇಲೆ ನಾನು ಎಷ್ಟು ಹೊತ್ತು ಸುಮ್ಮನಿರುತ್ತಿದ್ದೆನೋ ನನಗೆ ಗೊತ್ತಿಲ್ಲ.

ಹುಬೆರ್ತ್ ರಿಮ್ಶಾ

*

ಸೊಸ್ನೋವ್ಕಾ
14 ಏಪ್ರಿಲ್ 2013

ರಿಮ್ಶಾ ಅವರೇ,

ದೂರು ಹಿಂತೆಗೆದುಕೊಂಡ ನಿಮ್ಮ ಪತ್ರ ಏಪ್ರಿಲ್ ಮೂರಕ್ಕೆ ಬಂತು. ಮೆಕ್ಯಾನಿಕ್ ಒಂದನೇ ತಾರೀಖಿಗೇ ಸಹಿ ಹಾಕಿದ್ದ. ಇಬ್ಬರನ್ನು ಇಡಲಾಗದು ಎಂದರು ಅಧ್ಯಕ್ಷರು. ದೂರು ಬರೆಯಲು ನಿಮಗೆ ಒಂದು ವಾರ ಸಾಕಾಯಿತು, ತೆಗೆಯಲು ಒಂದೂವರೆ ತಿಂಗಳು.

ನಾನು ಈಗ ಮೀನು ಹೊಗೆ ಹಾಕುವ ಮನೆಯಲ್ಲಿ ಕೆಲಸ ಮಾಡುತ್ತೇನೆ. ಕಾಗದಕ್ಕೆ ವಾಸನೆ ಬಂದರೆ ಅದೇ ಕಾರಣ. ನಿಮ್ಮ ಕಣ್ಣಿನ ವಿಷಯ ಮೊದಲೇ ಹೇಳಿದ್ದರೆ ನಾನೂ ದೊಡ್ಡದಾಗಿ ಬರೆಯುತ್ತಿದ್ದೆ. ಹೇಳಿಕೊಂಡಿದ್ದರೆ ನಿಮ್ಮ ಗಂಟೇನೂ ಹೋಗುತ್ತಿರಲಿಲ್ಲ.

ಚಿತ್ರವನ್ನು ಆಲೊಯ್ಜಿ ಮಾವನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. "ಹೌದು, ಇದು ಸರಿ. ನಂಗೆ ಹೊಳೀಲಿಲ್ಲ," ಅಂದರು. ಅದನ್ನು ಮಡಚಿ ಕೊಡುತ್ತ, "ಅವನಿಗೆ ಬರಿ, ಅವು ಐದು ವರ್ಷದ್ದು ಅಂತ ನಂಗೆ ಗೊತ್ತಿತ್ತು. ಎರಡು ಅಂತ ಬೇಕಂತ್ಲೇ ಹೇಳ್ದೆ. ದೋಣಿ ಹೋಗ್ಲಿ ಅಂತಿತ್ತು, ಕಣ್ಮುಂದೆ ಇದ್ರೆ ಹತ್ತೋಣ ಅನ್ಸ್ತಿತ್ತು, ಹತ್ತೋಕೆ ಉಸಿರಿಲ್ಲ," ಅಂದರು. ಕ್ಷಮಿಸಿ ಅನ್ನುವ ಪದ ಅವರ ಬಾಯಲ್ಲಿ ಬರುವುದಿಲ್ಲ. ಅದಕ್ಕೆ ಕಾಯಬೇಡಿ.

ಇರ್ಮಿನಾ ಕೋಝಿಕ್

*

ರಾದೋಮ್
3 ಜೂನ್ 2013

ಶ್ರೀಮತಿ ಕೋಝಿಕ್ ಅವರಿಗೆ,

ದೋಣಿಯನ್ನು ಸಂಘಕ್ಕೇ ಕೊಟ್ಟುಬಿಟ್ಟೆ. ಎದುರಿನ ದಡ ಕಾಣದವನು ನೀರಿಗಿಳಿಯಬಾರದು. ಕಳೆದ ಬೇಸಿಗೆಯಲ್ಲಿ ಎರಡು ಸಲ ಜೊಂಡಿನೊಳಕ್ಕೆ ನುಗ್ಗಿಸಿದ್ದೆ, ಯಾರಿಗೂ ಹೇಳಿರಲಿಲ್ಲ.

ಇದೇ ಹನ್ನೆರಡರಂದು ಒಂದು ಲಾರಿ ಬರುತ್ತದೆ. ಅದರಲ್ಲಿ ಎಂಟು ಹೊಸ ಬ್ಯಾಟರಿಗಳು, ಒಂದು ಚಾರ್ಜರ್, ಕರೆಂಟು ಹೋದ ಕೂಡಲೇ ತಾನಾಗಿ ಚಾಲೂ ಆಗುವ ಒಂದು ಇನ್ವರ್ಟರ್ ಇರುತ್ತವೆ. ಇವು ಬೆಂದಿಕ್ ಮನೆಯ ಅಡುಗೆಮನೆಗೆ ಸೇರಿದವು. ಜಗುಲಿಗಲ್ಲ, ಅಡುಗೆಮನೆಗೆ. ಜಾಗವಿಲ್ಲದಿದ್ದರೆ ಮೇಜನ್ನು ಹೊರಗಿಡಿ.

ಅವನ ಮೇಲಿನ ಸಿಟ್ಟು ಹೋಗಿದೆಯೆಂದು ಇದರ ಅರ್ಥವಲ್ಲ. ನನಗೆ ಸುಳ್ಳು ಹೇಳಿದ. ನಾನು ಅವನನ್ನು ಜನರೆದುರು ಅವಮಾನ ಮಾಡಿದೆ. ಎರಡೂ ಆಗಿ ಹೋಗಿವೆ. ತಿಂಗಳಿಗೊಮ್ಮೆ ಅಂಕಿ ಬರೆಯಬೇಕೆಂದು ನಿಮ್ಮನ್ನು ಕೇಳುವ ಹಕ್ಕು ನನಗಿಲ್ಲ. ನಿಮ್ಮ ಶೆಡ್ಡನ್ನು ವಾಪಸು ಕೊಡಿಸಲು ಅಧ್ಯಕ್ಷರಿಗೆ ಇನ್ನೆರಡು ಸಲ ಬರೆದೆ. ಆಗಲಿಲ್ಲ.

ಹುಬೆರ್ತ್ ರಿಮ್ಶಾ

*

ಸೊಸ್ನೋವ್ಕಾ
20 ಜೂನ್ 2013

ರಿಮ್ಶಾ ಅವರೇ,

ಲಾರಿ ಬಂತು. ಮಾವ ಬಾಗಿಲಿಗೆ ಅಡ್ಡ ನಿಂತರು.

"ವಾಪಸ್ ತಗೊಂಡ್ಹೋಗು. ನಾನೇನು ಅನಾಥಾಲಯದವನಾ?"

"ಜರುಗಿ ಮಾವ," ಅಂದೆ.

"ಅವನ ಭಿಕ್ಷೆ ಬೇಡ."

"ಭಿಕ್ಷೆ ಹಾಕೋ ಜಾತಿಯೇ ಅಲ್ಲ ಅದು. ಬೈಕೊಂಡೇ ಕಳ್ಸಿದ್ದಾನೆ, ಬೇಕಾದ್ರೆ ಪತ್ರ ಓದಿ."

ಓದಿದರು. ಎರಡನೇ ಸಲವೂ ಓದಿದರು. ಆಮೇಲೆ ಲಾರಿಯವನಿಗೆ, "ಮೇಜು ಹೊರಗೆ ಯಾಕೋ, ಗೋಡೆ ಪಕ್ಕ ಜಾಗ ಇದ್ಯಲ್ಲ, ಕಣ್ಣಿಲ್ವಾ?" ಅಂದರು. ಈಗ ದಿನವೂ ಮುಚ್ಚಳ ತೆಗೆದು ನೀರಿನ ಮಟ್ಟ ನೋಡುತ್ತಾರೆ. ಇವು ಹಳೆಯವುಗಳಷ್ಟು ಒಳ್ಳೆಯವಲ್ಲ ಎಂದು ಬಂದವರಿಗೆಲ್ಲ ಹೇಳುತ್ತಾರೆ.

ನೀವು ಎರಡಲ್ಲ, ಇಪ್ಪತ್ತು ಸಲ ಬರೆದರೂ ಶೆಡ್ಡು ಬರುವುದಿಲ್ಲ. ಬರೆಯುವುದನ್ನು ನಿಲ್ಲಿಸಿ.

ಇರ್ಮಿನಾ ಕೋಝಿಕ್

*

ಸೊಸ್ನೋವ್ಕಾ
2 ಡಿಸೆಂಬರ್ 2013

ರಿಮ್ಶಾ ಅವರೇ,

ಆರು ತಿಂಗಳಿಂದ ನಿಮ್ಮ ಪತ್ರವಿಲ್ಲ. ನಿಲ್ಲಿಸಿ ಅಂದಿದ್ದು ಅಧ್ಯಕ್ಷರಿಗೆ ಬರೆಯುವುದನ್ನು.

ಶೆಡ್ಡಿನ ವಿಷಯದಲ್ಲಿ ನಿಮ್ಮ ಮೇಲೆ ನನಗಿರುವ ಸಿಟ್ಟು ಹಾಗೇ ಇದೆ. ಮೊನ್ನೆ ಆ ಮೆಕ್ಯಾನಿಕ್ ಬ್ಯಾಟರಿಗಳನ್ನು ಸಿಮೆಂಟ್ ನೆಲದ ಮೇಲೆಯೇ ಸಾಲಾಗಿ ಇಟ್ಟಿದ್ದನ್ನು ಕಿಟಕಿಯಿಂದ ನೋಡಿದೆ. ಇಡೀ ದಿನ ಮೀನಿನ ಮುಂದೆ ಹಲ್ಲು ಕಚ್ಚಿಕೊಂಡು ಕೆಲಸ ಮಾಡಿದೆ. ಆದರೂ ನಿಮಗೆ ಒಂದು ವಿಷಯ ತಿಳಿಸಬೇಕು.

ನಿನ್ನೆ ಊಟವಾದ ಮೇಲೆ ಗಾಳಿ ಎದ್ದಿತು. ಎರಡೂವರೆಗೆ ಕರೆಂಟು ಹೋಯಿತು. ಎದುರಿನ ದಾರಿಯಲ್ಲಿ ಹಿಮ ಗುಡ್ಡೆಯಾಗಿತ್ತು, ಚಪ್ಪಲಿಯಲ್ಲೇ ಓಡಿದೆ. ಎರಡು ಸಲ ಬಿದ್ದೆ. ಬಾಗಿಲು ತೆಗೆದರೆ ಅಡುಗೆಮನೆಯಲ್ಲಿ ಮೆಷಿನ್ ನಡೆಯುತ್ತಿತ್ತು. ಇನ್ವರ್ಟರಿನ ಮೇಲೆ ಒಂದು ಹಸಿರು ದೀಪ. ಮಾವ ಮಧ್ಯಾಹ್ನದ ನಿದ್ದೆಯಲ್ಲಿದ್ದರು, ಬಾಯಿ ತೆರೆದು, ಗೊರಕೆ ಹೊಡೆಯುತ್ತ. ಕರೆಂಟು ಹೋಗಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಅವರನ್ನು ಎಬ್ಬಿಸಲಿಲ್ಲ. ಕೋಟು ತೆಗೆಯದೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತುಕೊಂಡೆ. ನಲವತ್ತು ನಿಮಿಷಕ್ಕೆ ಕರೆಂಟು ಬಂತು. ಎದ್ದು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಮನೆಗೆ ಬಂದೆ.

ಇರ್ಮಿನಾ